ಬೆಂಕಿಯಿಲ್ಲದ ಕುಲುಮೆಯ ಮಾಸ್ತರು

ಕಳೆದ ತಿಂಗಳು ಹಾನಗಲ್ಲಿನಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಅವಳು ಕರೆಂಟಿನ ಒಲೆಯ ಮೇಲೆ ಚಹಾಕ್ಕಿಟ್ಟು ನನ್ನ ಜೊತೆ ಮಾತಿಗೆ ಕೂತಿದ್ದಳು. ಅಡುಗೆಮನೆಯಿಂದ ‘ಟಪ್’ ಅಂತ ಒಂದು ಸದ್ದು ಬಂತು. ಎದ್ದು ಹೋಗಿ ನೋಡಿದರೆ ಒಲೆಯ ದೀಪ ಆರಿತ್ತು. ಹಿಂಬದಿಯ ಜಾಲರಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಆ ಹೊಗೆಗೊಂದು ವಾಸನೆ. ಸುಟ್ಟ ಪ್ಲಾಸ್ಟಿಕ್ಕಿನದಲ್ಲ, ಸುಟ್ಟ ವೈರಿನದೂ ಅಲ್ಲ... ಸಂತೆಯಲ್ಲಿ ಒಣಮೀನಿನ ಸಾಲು ದಾಟುವಾಗ ಬರುತ್ತದಲ್ಲ, ಅದನ್ನೇ ಕೆಂಡದ ಮೇಲಿಟ್ಟಂಥದು. ತಂಗಿ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಓಡಿದಳು. ನಾನು ಅಲ್ಲೇ ನಿಂತುಬಿಟ್ಟೆ. ಕೈ ತಾನಾಗಿಯೇ ಎದೆಯ ಮೇಲೆ ಹೋಗಿತ್ತು.

“ಯಾಕಕ್ಕಾ, ಒಲಿ ಸುಟ್ರ ಸುಡ್ಲಿ. ನಿನಗೇನಾತು?” ಅಂದಳು.

ಅವಳಿಗೆ ಏನಂತ ಹೇಳಲಿ? ಒಂದು ಕಾಲಕ್ಕೆ ಈ ವಾಸನೆ ಬಂತೆಂದರೆ ಅದರ ಹಿಂದೆಯೇ ನಮ್ಮ ಮನೆಯಲ್ಲಿ ಒಬ್ಬರಿಗೆ ಕೆಮ್ಮು ಹತ್ತುತ್ತಿತ್ತು. ಆ ವಾಸನೆಗೆ ನನ್ನಷ್ಟೇ ಅಂಜುವ ಇನ್ನೊಬ್ಬರಿದ್ದರು. ಅವರನ್ನು ನಾವು ಮಾಸ್ತರರು ಅಂತ ಕರೆಯುತ್ತಿದ್ದೆವು.

ನಮ್ಮದು ಬಂಕಾಪುರದಿಂದ ಹಾನಗಲ್ಲಿಗೆ ಹೋಗುವ ಹಾದಿಯಲ್ಲಿ ಒಂದು ಸಣ್ಣ ಊರು. ನಾನು ಅಲ್ಲಿನ ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು. ನಮ್ಮ ಮನೆಯವರು ಕಮ್ಮಾರರು. ಟ್ರ್ಯಾಕ್ಟರ್ ಬಂದ ಮೇಲೆ ಕಮ್ಮಾರಿಕೆ ಮುಗಿಯಿತು ಅಂತ ಜನ ತಿಳಿದಿರುತ್ತಾರೆ. ಹಾಗೇನೂ ಆಗಿಲ್ಲ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಕುಂಟೆಗೂ ಹಲ್ಲುಂಟು, ಅದೂ ಮೊಂಡಾಗುತ್ತದೆ. ನೆಲ ಸೀಳುವ ಕುಡ, ಕೂರಿಗೆಯ ತುದಿ, ಕುಡಗೋಲು, ಕೊಡಲಿ, ಎಲ್ಲವೂ ವರ್ಷಕ್ಕೊಮ್ಮೆಯಾದರೂ ಕೆಂಪಗೆ ಕಾಯ್ದು ಸುತ್ತಿಗೆಯ ಪೆಟ್ಟು ತಿನ್ನಲೇಬೇಕು. ನಾನು ಹಿರೇಕೆರೂರಿನ ಕಡೆಯಿಂದ ಲಗ್ನವಾಗಿ ಬಂದಾಗಿನಿಂದ ಕೇಳಿದ್ದು ಆ ಸುತ್ತಿಗೆಯ ಸದ್ದು. ಅದರ ನಡುನಡುವೆ ಒಲೆಗೆ ಗಾಳಿಯೂದುವ ತಿದಿಯ ಉಸಿರು. ನಮ್ಮ ಮನೆಯವರ ಬಲಗೈಯಲ್ಲಿ ಇಕ್ಕಳ, ಎಡಗೈಯಲ್ಲಿ ತಿದಿಯ ಹಗ್ಗ. ಇಬ್ಬರು ಬೇರೆ ಬೇರೆ ಮನುಷ್ಯರ ಕೈಗಳೇನೋ ಎಂಬಂತೆ ಅವು ತಮ್ಮ ತಮ್ಮ ಕೆಲಸ ಮಾಡುತ್ತಿದ್ದವು.

ಆಮೇಲೆ ತಿದಿಯ ಉಸಿರಿನ ಜೊತೆಗೆ ಅವರ ಕೆಮ್ಮೂ ಸೇರಿತು. ಮೊದಮೊದಲು ಚಳಿಗೆ ಅಂದುಕೊಂಡೆವು. ಬೇಸಗೆ ಬಂದರೂ ಹೋಗಲಿಲ್ಲ. ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದರು, “ಬೀಡಿ ಸೇದತೀರೇನು?”

“ಇಲ್ಲರಿ. ಕುಲುಮಿ ಐತ್ರಿ.”

“ಹಂಗಾರ ಕುಲುಮಿ ಬಿಡ್ರಿ. ಈ ಎದಿ ಇನ್ನ ಇದ್ದಲಿ ಹೊಗಿ ತಾಳೂದಿಲ್ಲ.”

ಮರುದಿನ ಎದ್ದು ನೋಡಿದರೆ ಕುಲುಮೆಯಲ್ಲಿ ಹೊಗೆ! ನಾನು ಬಾಗಿಲಲ್ಲಿ ನಿಂತು ಅತ್ತೆ, ಜಗಳಾಡಿದೆ. “ಕುಲುಮಿ ಬಿಟ್ಟು ಏನು ಮಾಡ್ಲಿ? ಕಟ್ಟಿ ಮ್ಯಾಲ ಕುಂತು ಹೋಗಿಬರೋರ ಮಾರಿ ನೋಡ್ಲಿ?” ಅಂದರು. ಅಷ್ಟು ಹೇಳುವಷ್ಟರಲ್ಲಿ ಅವರಿಗೆ ಮತ್ತೆ ಕೆಮ್ಮು ಬಂತು. ಅವತ್ತಿನಿಂದ ನನ್ನ ಕಿವಿ ಬೇರೆ ಯಾವ ಸದ್ದಿಗೂ ಉಳಿಯಲಿಲ್ಲ. ಅಂಗನವಾಡಿಯಲ್ಲಿ ಮಕ್ಕಳು ಹಾಡು ಹೇಳುತ್ತಿದ್ದರೂ ನಮ್ಮ ಓಣಿಯಿಂದ ಬರಬಹುದಾದ ಕೆಮ್ಮನ್ನೇ ಕೇಳುತ್ತ ಕೂತಿರುತ್ತಿದ್ದೆ.

ಮಾಸ್ತರರು ನಮ್ಮ ಬಾಗಿಲಿಗೆ ಬಂದದ್ದು ಅಂಥ ದಿನಗಳಲ್ಲಿ. ಅವರು ಮೂಲತಃ ಸವಣೂರಿನವರು. ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತರಾಗಿ, ಬಂಕಾಪುರದಲ್ಲಿ ಮನೆ ಮಾಡಿಕೊಂಡಿದ್ದರು. ತೆಳ್ಳಗಿನ ಮನುಷ್ಯ, ಬಿಳಿ ಗಡ್ಡ, ಎದುರಿಗಿದ್ದವರ ಮುಖವನ್ನು ಪದೇಪದೇ ನೋಡುವ ಕಣ್ಣು. ಕೈಯಲ್ಲಿ ಒಂದು ಮುರಿದ ಅಗಳಿ ಹಿಡಿದುಕೊಂಡು ಬಂದಿದ್ದರು.

“ಇದು ಹ್ಯಾಂಗ ಮುರೀತ್ರಿ ಮಾಸ್ತರ? ಹೊಸಾದ ಕಾಣ್ತದ,” ಅಂದರು ನಮ್ಮ ಮನೆಯವರು.

“ಮಲಗೋಮುಂದ ಗೇಟಿನ ಅಗಳಿ ಹಾಕೇನೋ ಇಲ್ಲೋ ಅಂತ ಜಗ್ಗಿ ನೋಡ್ತೇನಿ. ಹೊಳ್ಳಿ ಬಂದು ಮಲಗ್ತೇನಿ. ಮತ್ತ ಸಂಶಯ ಬರ್ತದ, ಮತ್ತ ಹೋಗಿ ಜಗ್ಗತೇನಿ. ಹಿಂಗ ಜಗ್ಗಿ ಜಗ್ಗಿ... ಕೈಗೇ ಬಂತಪಾ,” ಅಂದು ಅವರು ನಾಚಿಕೊಂಡು ನಕ್ಕರು.

ನಮ್ಮ ಮನೆಯವರೂ ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ. ಮಾಸ್ತರರ ಮುಖ ಬೆಳ್ಳಗಾದದ್ದನ್ನು ನಾನು ನೋಡಿದೆ. ಪರರ ಮನೆಯೆಂಬುದನ್ನೂ ಮರೆತು ಹರವಿಯಿಂದ ತಾವೇ ನೀರು ತುಂಬಿಕೊಂಡು ಬಂದು ಕೊಟ್ಟರು. ಕೆಮ್ಮು ಇಳಿದ ಮೇಲೆ ಅದು ಯಾವಾಗಿನಿಂದ, ಯಾವ ಡಾಕ್ಟರ್, ಏನಂದರು ಎಂದು ಒಂದೊಂದಾಗಿ ಕೇಳಿದರು. ಬಳಿಕ ಒಲೆಯ ಕಡೆ ನೋಡುತ್ತ ಮೆಲ್ಲಗೆ ಅಂದರು, “ಬೆಂಕಿ ಇಲ್ಲದನೂ ಕಬ್ಬಿಣ ಕಾಯ್ತದಪಾ, ಕಮ್ಮಾರ.”

“ಹೌದ್ರಿ, ನೀರಿಲ್ಲದನೂ ಹಿಟ್ಟು ನಾದಬಹುದು.”

“ಚಾಷ್ಟಿ ಅಲ್ಲ. ತಾಮ್ರದ ಸುರುಳಿ ಮಾಡಿ ಅದರಾಗ ಕರೆಂಟು ಭಾಳ ಜಲ್ದಿ ಹಿಂದ-ಮುಂದ ಓಡಿಸಿದ್ರ, ನಡುವಿನ ಕಬ್ಬಿಣ ತಾನ ಕಾಯ್ತದ. ನೌಕರಿ ಇರೋತನಕ ಬೋರ್ಡಿನ ಮ್ಯಾಲ ಕಾಸೇನಿ.” ಅದರ ಹಿಂದೆಯೇ ಸೇರಿಸಿದರು, “ಖರೇ ಹೇಳ್ಬೇಕಂದ್ರ, ಒಂದು ಸೂಜೀನೂ ಕೆಂಪಾಗಿಲ್ಲ.”

ಆ ಕೊನೆಯ ಮಾತಿಗೇ ಇರಬೇಕು, ನಮ್ಮ ಮನೆಯವರಿಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು.

ಹುಬ್ಬಳ್ಳಿಯ ಕಾರ್ಖಾನೆಗಳಲ್ಲಿ ಅಂಥ ದೊಡ್ಡ ಯಂತ್ರಗಳಿದ್ದವಂತೆ. ಆದರೆ ಅವು ನಮ್ಮ ಬಾಗಿಲಿಗೂ ಹಿಡಿಸುವಂಥವಲ್ಲ, ನಮ್ಮ ಕರೆಂಟಿಗೂ ತಕ್ಕವಲ್ಲ. ಸಣ್ಣದೊಂದನ್ನು ತಾವೇ ಮಾಡುತ್ತೇನೆ ಅಂದರು ಮಾಸ್ತರರು. ಬಿಡುವಾದಾಗಲೆಲ್ಲ ಬಂಕಾಪುರದಿಂದ ಬಸ್ಸಿಗೆ ಬರುತ್ತಿದ್ದರು, ಬಗಲಲ್ಲಿ ಒಂದು ಕೈಚೀಲ. ಚೀಲದಲ್ಲಿ ಟ್ರಾನ್ಸಿಸ್ಟರುಗಳು, ವೈರು, ಮೀಟರು; ಎಲ್ಲಕ್ಕೂ ಮೇಲೆ ಎಣ್ಣೆ ಹೀರಿದ ಕಾಗದದಲ್ಲಿ ನಮಗೆಂದು ಸವಣೂರಿನ ಖಾರಾ ತಿಂಡಿ. ಬೆರಳು ದಪ್ಪದ ತಾಮ್ರದ ನಳಿಗೆಯನ್ನು ಸುರುಳಿ ಸುತ್ತಿದರು. ಅದು ಕಾಯದಿರಲೆಂದು ಅದರೊಳಗೆ ನೀರು ಹರಿಯುವಂತೆ ಡ್ರಮ್ಮಿಗೆ ಕೂಲರಿನ ಸಣ್ಣ ಮೋಟರು ಕೂಡಿಸಿದರು. ಕರೆಂಟಿನ ಜೋರು ಏರಿಸಿ ಇಳಿಸಲು ಒಂದು ತಿರುಗಣಿ ಇಟ್ಟರು.

ನನಗೆ ಅರ್ಥವಾಗಲಿ ಅಂತ ಒಮ್ಮೆ ಹೇಳಿದ್ದರು. ಪಂಚಮಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತೇವಲ್ಲ, ಕೂತವಳನ್ನು ಹಿಂದಿನಿಂದ ನೂಕುವವರು ಹೊತ್ತು ನೋಡಿ ನೂಕಿದರೆ ಬೆರಳು ತಾಗಿಸಿದರೂ ಜೋಕಾಲಿ ಟೊಂಗೆ ಮುಟ್ಟುತ್ತದೆ. ಹೊತ್ತು ತಪ್ಪಿ ಎದುರು ಹೋದರೆ ನೂಕಿದವರ ಮುಂಗೈಯೇ ಮುರಿಯುತ್ತದೆ. ಈ ಯಂತ್ರದಲ್ಲಿ ಸುರುಳಿ ಮತ್ತು ಅದರ ಪಕ್ಕದ ಕೆಪಾಸಿಟರುಗಳು ಸೇರಿ ಜೋಕಾಲಿ. ನೂಕುವ ಕೈ ಟ್ರಾನ್ಸಿಸ್ಟರು. “ನೂಕೋದು ದೊಡ್ಡ ಕೆಲಸಲ್ಲ ತಂಗಿ, ಯಾವಾಗ ನೂಕಬೇಕು ಅನ್ನೋದ ಎಲ್ಲಾ,” ಅನ್ನುತ್ತಿದ್ದರು.

ಮೊದಲ ಸಲ ಕುಡಗೋಲೊಂದನ್ನು ಸುರುಳಿಯಲ್ಲಿ ಹಿಡಿದಾಗ ನಾನು ಅಲ್ಲೇ ಇದ್ದೆ. ಗುಂಯ್ ಅಂತ ಸಣ್ಣ ದನಿ. ಉರಿಯಿಲ್ಲ, ಹೊಗೆಯಿಲ್ಲ. ಕರಿ ಕಬ್ಬಿಣ ಮೆಲ್ಲಗೆ ಕಂದಾಗಿ, ದಾಸವಾಳದ ಬಣ್ಣಕ್ಕೆ ತಿರುಗಿತು. ನಮ್ಮ ಮನೆಯವರ ಮುಖ ಅರಳಿತು. “ಥೂ ಇದರ, ಇದೇನು ಮಾಟ ಮಾಡಿದ್ರೀ!” ಅಂದರು. ಅಂದು ಮುಗಿಸುವಷ್ಟರಲ್ಲಿ ಟಪ್! ದನಿ ನಿಂತಿತು. ಆಗ ಬಂದದ್ದೇ ಆ ವಾಸನೆ. ನೂಕುವ ಕೈ ಮುರಿದಿತ್ತು.

ನಮ್ಮ ಮನೆಯವರು ಮೂಲೆಯಲ್ಲಿದ್ದ ಚೀಲದಿಂದ ಇದ್ದಲಿ ಸುರಿದು ಒಲೆ ಹೊತ್ತಿಸಿದರು, ಯಾಕೆಂದರೆ ಆ ಕುಡಗೋಲನ್ನು ಸಂಜೆಯೊಳಗೆ ಒಬ್ಬರಿಗೆ ಕೊಡಬೇಕಿತ್ತು. ಮಾಸ್ತರರು ಸುಟ್ಟ ಟ್ರಾನ್ಸಿಸ್ಟರನ್ನು ಅಂಗೈಯಲ್ಲಿಟ್ಟುಕೊಂಡು, ಹೊಗೆಯೊಳಗಿನ ಕೆಮ್ಮು ಕೇಳುತ್ತ ಕೂತರು. ಬಸ್ಸಿನ ಹೊತ್ತಾದರೂ ಏಳಲಿಲ್ಲ.

ಅದು ಒಂದೇ ಸಲಕ್ಕೆ ನಿಲ್ಲಲಿಲ್ಲ. ಮಾಸ್ತರರು ಹೊಸದು ಹಾಕುತ್ತಿದ್ದರು, ಕಬ್ಬಿಣ ಕೆಂಪಾಗುತ್ತಿತ್ತು, ಸರಿಯಾಗಿ ಕೆಂಪಾದ ಮೇಲೆಯೇ ಟಪ್ ಅನ್ನುತ್ತಿತ್ತು. ಪ್ರತಿಸಲವೂ ಇದ್ದಲಿ, ಹೊಗೆ, ಕೆಮ್ಮು... ನನಗಂತೂ ಒಡೆಯುತ್ತಿದ್ದದ್ದು ಆ ಡಬ್ಬಿಯೊಳಗಲ್ಲ, ಅವರ ಎದೆಯೊಳಗೆ ಅನ್ನಿಸುತ್ತಿತ್ತು. ಒಂದು ದಿನ ನಮ್ಮ ಮನೆಯವರು ಖಡಾಖಂಡಿತ ಹೇಳಿಬಿಟ್ಟರು. “ಮಾಸ್ತರ, ಮುಂಗಾರಿ ಬಿತ್ತಿಗಿ ಬರ್ತದ. ಊರಿನ ಕುಡಾ ಎಲ್ಲಾ ಒಮ್ಮೇ ಬರ್ತಾವು. ಅವಿಷ್ಟೂ ಇದರಾಗ ಆದ್ರ ಇದ್ದಲಿ ಚೀಲ ಹೊರಗ ಹಾಕ್ತೇನಿ. ಆಗಲಿಲ್ಲಂದ್ರ ನನ್ನ ಒಲಿ ನನಗ ಬಿಡ್ರಿ. ನೀವಿಬ್ರೂ ಮತ್ತ ಬಾಯಿ ತಗೀಬಾರದು.”

ನಾವಿಬ್ಬರೂ ಹೂಂ ಅಂದೆವು. ಹೂಂ ಅಂದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಊರಿಗೆ ಊರೇ ಮಳೆಗೆ ಕಾಯುತ್ತಿದ್ದಾಗ ಮಳೆ ನಾಲ್ಕು ದಿನ ತಡವಾಗಲೆಂದು ಬೇಡಿಕೊಂಡ ಪಾಪಿಗಳು ನಾವಿಬ್ಬರೇ ಇದ್ದಿರಬೇಕು.

ಮಾಸ್ತರರಿಗೆ ನಿದ್ದೆ ದೂರವಾಯಿತು. ಕೆಪಾಸಿಟರು ಕೆಟ್ಟದ್ದಿರಬೇಕು ಅಂದರು, ಬದಲಿಸಿದರು. ನಮ್ಮ ಕರೆಂಟು ಪಂಪ್‌ಸೆಟ್ಟುಗಳು ಶುರುವಾದಾಗ ಕುಸಿಯುತ್ತದೆ, ನಿಂತಾಗ ಜಿಗಿಯುತ್ತದೆ, ಅದಕ್ಕಿರಬೇಕು ಅಂದರು. ಕೊನೆಗೆ, “ನನಗ ಬರೂದಿಲ್ಲಂತ ಕಾಣ್ತದ ತಂಗಿ. ಹುಡುಗೂರಿಗೆ ಇಷ್ಟು ವರ್ಷ ಏನು ಹೇಳಿದೆನೋ ಏನೋ...” ಅಂದು ಕನ್ನಡಕ ಒರೆಸಿಕೊಂಡರು.

ಒಂದು ಮಧ್ಯಾಹ್ನ ಅಂಗನವಾಡಿ ಮುಗಿಸಿ ಬಂದು ಇಬ್ಬರಿಗೂ ಚಹಾ ತಂದೆ. ಸುರುಳಿಯಲ್ಲಿ ಒಂದು ಕುಡ ಕಾಯುತ್ತಿತ್ತು. ಮಾಸ್ತರರ ಕಣ್ಣು ಮೀಟರಿನ ಮೇಲೆ, ನಮ್ಮ ಮನೆಯವರ ಕಣ್ಣು ಕಬ್ಬಿಣದ ಮೇಲೆ. ನೋಡಲು ಬೇರೇನೂ ಇಲ್ಲದ ನಾನು ನಮ್ಮ ಮನೆಯವರನ್ನು ನೋಡುತ್ತಿದ್ದೆ. ಕಬ್ಬಿಣ ಕೆಂಪಿಗೆ ತಿರುಗಿತು. ಅವರ ಎಡಗೈ ತಾನಾಗಿಯೇ ಎದ್ದು ತಿರುಗಣಿ ಹಿಡಿದು ಏರಿಸಿತು. ಟಪ್!

ಆ ಕೈ ನನಗೆ ಹೊಸದೇ? ಲಗ್ನವಾದಂದಿನಿಂದ ನೋಡಿದ ಕೈ. ಇದ್ದಲಿಯ ಒಲೆಯಲ್ಲಿ ಕಬ್ಬಿಣ ಕೆಂಪು ಹಿಡಿದ ಕೂಡಲೆ ಅವರು ತಿದಿಯ ಹಗ್ಗವನ್ನು ಜೋರು ಎಳೆಯುತ್ತಿದ್ದರು, ಕೆಂಪು ಹಳದಿಗೆ ಏರಲಿ ಅಂತ. ಈಗ ಹಗ್ಗವಿದ್ದ ಜಾಗದಲ್ಲೇ ತಿರುಗಣಿ ಬಂದು ಕೂತಿತ್ತು.

“ಮಾಸ್ತರ,” ಅಂದೆ, “ಇವರು ತಿದಿ ಜಗ್ಗಾಕತ್ತಾರ್ರಿ.”

“ಎಲ್ಲೈತವ್ವಾ ತಿದಿ?”

“ನಾ ಎಲ್ಲಿ ಜಗ್ಗೇನಿ?” ಅಂದರು ನಮ್ಮ ಮನೆಯವರು. ಅವರ ಕೈ ಇನ್ನೂ ತಿರುಗಣಿಯ ಮೇಲೇ ಇತ್ತು. ಅದನ್ನು ನೋಡಿಕೊಂಡು ಬಿಸಿ ಮುಟ್ಟಿದವರಂತೆ ಎಳೆದುಕೊಂಡರು. ಮಾಸ್ತರರು ಅವರ ಕೈ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಗು ನಿಂತ ಮೇಲೆ ಹಣೆ ಚಚ್ಚಿಕೊಂಡು, “ಯಂತ್ರಕ್ಕ ಎಲ್ಲಾ ಕೇಳಿದೆ. ಇವಂಗ ಒಂದು ಮಾತು ಕೇಳಲಿಲ್ಲ ನೋಡು,” ಅಂದರು.

ಆಮೇಲೆ ಅವರು ಹೇಳಿದ್ದು ಹೀಗೆ. ಕಬ್ಬಿಣ ಅಷ್ಟು ಕೆಂಪಾದಾಗ ಅದರೊಳಗಿನ ಅಯಸ್ಕಾಂತದ ಗುಣ ಹೋಗಿಬಿಡುತ್ತದೆ. ಆಗ ಜೋಕಾಲಿಯ ಹಗ್ಗವೇ ಗಿಡ್ಡಾದಂತೆ. ಅದು ಒಮ್ಮೆಲೆ ಚುರುಕಾಗಿ ತೂಗತೊಡಗುತ್ತದೆ. ನೂಕುವವನು ಹಳೆಯ ಹೊತ್ತಿಗೇ ನೂಕಿದರೆ ಕಷ್ಟ. ಅಂಥ ಗಳಿಗೆಯಲ್ಲಿ ಜೋರು ಏರಿಸಿದರೆ ಈ ಯಂತ್ರ ಜೋಕಾಲಿಯ ಹಳೆಯ ಹೊತ್ತಿಗೆ ಹತ್ತಿರವಾಗಲೆಂದು ನೂಕುವುದನ್ನು ಇನ್ನಷ್ಟು ನಿಧಾನ ಮಾಡುತ್ತದೆ, ಹೊತ್ತು ಇನ್ನಷ್ಟು ತಪ್ಪುತ್ತದೆ. ಇದ್ದಲಿಗೆ ಸರಿಯಾದದ್ದೇ ಇದಕ್ಕೆ ಘಾತ.

“ಹಂಗಾರ ಕೈ ಕಟ್ಟಿ ಹಾಕಿಕೊಳ್ಳಲೇನ್ರಿ?” ಅಂದರು ನಮ್ಮ ಮನೆಯವರು.

“ನಿನ್ನ ಕೈ ಯಾಕ ಕಟ್ಟೋದು? ಹಗ್ಗ ಗಿಡ್ಡಾತಂತ ಯಂತ್ರಕ್ಕ ತಿಳೀಬೇಕು. ಅದಕ್ಕೊಂದು ಕಿವಿ ಬೇಕು.”

ಆ ಕಿವಿ ಅಂದರೆ ಬಳೆಯಂಥ ಒಂದು ಸಣ್ಣ ಉಂಗುರ. ಸುರುಳಿಗೆ ಹೋಗುವ ವೈರನ್ನು ಅದರೊಳಗಿಂದ ಹಾಯಿಸಿದರು. ಜೋಕಾಲಿ ಎಲ್ಲಿದೆ, ಎಷ್ಟು ಚುರುಕಾಗಿದೆ ಎಂಬುದನ್ನು ಅದು ಗಳಿಗೆ ಗಳಿಗೆಗೂ ತಿಳಿದು ನೂಕುವ ಕೈಗೆ ಹೇಳಬೇಕು. ಇದಕ್ಕೆ ಫೀಡ್‌ಬ್ಯಾಕ್ ಅನ್ನುತ್ತಾರೆ ಅಂದರು. ಮಾಡುವುದು, ಏನಾಯಿತು ಅಂತ ಕೇಳುವುದು, ಕೇಳಿ ತಿದ್ದಿಕೊಂಡು ಮತ್ತೆ ಮಾಡುವುದು. ಇಷ್ಟೇ. ಇಷ್ಟನ್ನು ಮಾಡಲು ಅವರಿಗೆ ಹಲವು ದಿನ ಹಿಡಿಯಿತು. ಅಷ್ಟರಲ್ಲಿ ತಡಸದ ಕಡೆ ಮೋಡ ಕಟ್ಟತೊಡಗಿತ್ತು.

ಕಿವಿ ಬಂದ ಮೇಲೆ ಟಪ್ ಅನ್ನುವುದು ನಿಂತಿತು. ಆದರೆ ಹೊಸ ಕೇಡೊಂದು ಶುರುವಾಯಿತು. ಯಂತ್ರ ಗುಂಯ್... ಅಂತ ಏರುತ್ತಿತ್ತು, ತಟ್ಟನೆ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಅದರ ಜೊತೆಗೇ ಕಬ್ಬಿಣದ ಕೆಂಪೂ ಹೆಚ್ಚುತ್ತ, ಮಂಕಾಗುತ್ತ... ಉಬ್ಬಸದವರ ಉಸಿರು ನೋಡಿದಂತಾಗುತ್ತಿತ್ತು. ನನಗೆ ನೋಡಲಾಗದೆ ಒಳಗೆ ಹೋಗಿಬಿಡುತ್ತಿದ್ದೆ. ಸುಡಬಾರದೆಂಬ ಅಂಜಿಕೆಯಿಂದ ಮಾಸ್ತರರು ಅದಕ್ಕೆ ತೀರ ಚುರುಕು ಕಿವಿ ಕೊಟ್ಟಿದ್ದರಂತೆ. ಕೂದಲೆಳೆಯಷ್ಟು ಹೆಚ್ಚಾದರೂ ಬೆಚ್ಚಿ ಇಳಿಸುವುದು, ಇಳಿಸಿದ್ದು ಅತಿಯಾಯಿತೆಂದು ಬೆಚ್ಚಿ ಏರಿಸುವುದು.

ನಮ್ಮ ಮನೆಯವರು ಸುತ್ತಿಗೆ ಕೆಳಗಿಟ್ಟು ಗಂಭೀರವಾಗಿ ಹೇಳಿದರು, “ಮಾಸ್ತರ, ಯಂತ್ರಕ್ಕ ನಿಮ್ಮ ಗುಣಾ ಬಂದೇತ್ರಿ. ಅಗಳಿ ಜಗ್ಗಿ ಜಗ್ಗಿ ನೋಡಾಕತ್ತೇತಿ.”

ಮಾಸ್ತರರು ನಗಲಿಲ್ಲ. ಸಣ್ಣ ಸ್ಕ್ರೂಡ್ರೈವರಿನಿಂದ ಬೋರ್ಡಿನ ಮೇಲಿನ ಒಂದು ತಿರುಪನ್ನು ಎಳ್ಳಷ್ಟು ಸಡಿಲಿಸಿದರು, ಅಂಜಿ ಅರ್ಧ ಬಿಗಿ ಮಾಡಿದರು, ಮತ್ತೆ ಸಡಿಲಿಸಿದರು. “ಸಾವಕಾಶ ಕೇಳು, ಕೇಳಿ ಒಂದೀಟು ತಡಿ ಅಂತ ಇದಕ್ಕ ಕಲಿಸ್ಬೇಕು ತಂಗಿ,” ಅಂದರು. “ನನಗ ಯಾರೂ ಕಲಿಸಲಿಲ್ಲ.” ಅವರಿಗೆ ಈ ಅಂಜಿಕೆ ಎಲ್ಲಿಂದ ಬಂತೋ ನಾನು ಕೇಳಿದವಳಲ್ಲ. ಒಮ್ಮೆ ಏನನ್ನೋ ಹೇಳಲು ಬಾಯಿ ತೆರೆದಿದ್ದರು, ಚಹಾ ಆರುತ್ತದೆಂದು ನೆನಪಾಗಿ ಲೋಟ ಎತ್ತಿಕೊಂಡರು... ಆಮೇಲೆ ಆ ಮಾತು ಬರಲೇ ಇಲ್ಲ.

ಮಳೆ ಬಂತು. ನಾವು ಬೇಡಿಕೊಂಡದ್ದು ದೇವರಿಗೆ ಕೇಳಿಸಿರಲಿಲ್ಲ. ಬೆಳಗಾಗುವಷ್ಟರಲ್ಲಿ ನಮ್ಮ ಅಂಗಳದ ತುಂಬ ರೈತರು, ಹೆಗಲ ಮೇಲೆ, ಬೈಕಿನ ಹಿಂದೆ, ಚೀಲದಲ್ಲಿ ಕುಡಗಳು. ನಮ್ಮ ಕಡೆ ಕಮ್ಮಾರನಿಗೆ ಸುಗ್ಗಿಯಲ್ಲಿ ರಾಶಿಯ ಕಾಳು ಕೊಡುವ ಪದ್ಧತಿ ಇನ್ನೂ ಅಲ್ಲಲ್ಲಿ ಉಂಟು. ಅದಕ್ಕೆ ಬದಲು ನೆಲದ ಹಸಿ ಆರುವುದರೊಳಗೆ ಅವರ ಕುಡ ಹರಿತ ಮಾಡಿಕೊಡಬೇಕು. ಅವತ್ತು ಆಗದಿದ್ದರೆ ಆಗಲೇ ಇಲ್ಲ ಅಂತಲೇ ಲೆಕ್ಕ. ಮಾಸ್ತರರು ಮೊದಲ ಬಸ್ಸಿಗೇ ಬಂದಿಳಿದಿದ್ದರು. ಖಾರಾ ತರುವುದನ್ನು ಮರೆತಿದ್ದರು.

ಊರಿನ ಹಿರಿಯ ಗೌಡರೊಬ್ಬರು ತಣ್ಣಗಿನ ಒಲೆ ನೋಡಿ ಗದ್ದಲ ಎಬ್ಬಿಸಿದರು. “ಏನೋ ಇದು, ಒಲೀ ಹೊತ್ತಿಲ್ಲ, ಕುಡಾ ಹ್ಯಾಂಗ ಬಡೀತಿ? ಉರಿ ಕಾಣದ ಕುಡಾ ನೆಲಕ್ಕ ಇಳಸ್ಬೇಕೇನು?” ಇದ್ದಲಿಯ ಚೀಲ ಅಲ್ಲೇ ಗೌಡರ ಮೊಣಕಾಲಿಗೆ ತಾಗುವಂತಿತ್ತು. ನಾನು ಒಳಗೆ ಓಡಿ ದೇವರ ಮುಂದಿನ ದೀಪ ತಂದು ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕ ಇಟ್ಟೆ. “ಉರಿ ಇಲ್ಲೈತ್ರಿ ಗೌಡ್ರ. ಮೊದಲ್ನೇದು ನಿಮ್ಮದ ಕೊಡ್ರಿ,” ಅಂದೆ. ಅವರು ಗೊಣಗುತ್ತ ಕುಡ ಕೊಟ್ಟರು. ಅದು ಉರಿಯಿಲ್ಲದೆ ಕೆಂಪಾದದ್ದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು, ಹೊರಗೆ ಹೋಗಿ ಇನ್ನು ನಾಲ್ಕು ಜನರನ್ನು ಕರೆತಂದರು.

ಒಂದಾದ ಮೇಲೆ ಒಂದು ಕುಡ ಸುರುಳಿಗೆ ಹೋಗಿ ಅಡಿಗಲ್ಲಿಗೆ ಬರುತ್ತಿತ್ತು. ಮಾಸ್ತರರು ಮಣೆಯ ಮೇಲೆ ಕೂತು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದರು, ತಿರುಪನ್ನು ಮುಟ್ಟಬಾರದೆಂದು. ಮಧ್ಯಾಹ್ನದ ಹೊತ್ತಿಗೆ ಕರೆಂಟು ಒಮ್ಮೆಲೆ ಕುಸಿಯಿತು, ಬಲ್ಬು ಕಂದಿತು. ಸುರುಳಿಯಲ್ಲಿದ್ದ ಕುಡ ಆಗಷ್ಟೇ ಕೆಂಪು ಹಿಡಿಯುತ್ತಿತ್ತು. ಯಂತ್ರದ ದನಿ ಇಳಿಯಿತು... ಇಳಿಯಿತು... ಕೆಂಪು ಮಂಕಾಯಿತು.

ನಮ್ಮ ಮನೆಯವರ ಎಡಗೈ ಎದ್ದಿತು.

ಮಾಸ್ತರರು ಮುಂದಕ್ಕೆ ಬಾಗಿದ್ದರು, ಕೈಗಳು ಮಾತ್ರ ತೊಡೆಯ ಕೆಳಗೇ ಇದ್ದವು. ಆ ಎಡಗೈ ತಿರುಗಣಿಯವರೆಗೂ ಬಂತು, ಗಾಳಿಯಲ್ಲೇ ನಿಂತಿತು, ಏನು ಮಾಡಬೇಕೆಂದು ತಿಳಿಯದ ಕೂಸಿನಂತೆ ಬೆರಳು ಬಿಚ್ಚಿ ಮಡಿಸಿತು. ಕೊನೆಗೆ ಹೋಗಿ ಅವರ ಬೆನ್ನು ತುರಿಸತೊಡಗಿತು. ಯಂತ್ರ ಆ ಕುಸಿದ ಕರೆಂಟಿನಲ್ಲೇ ತನ್ನ ಹೊತ್ತನ್ನು ತಾನೇ ಹುಡುಕುತ್ತಿತ್ತು. ಹುಡುಕಿತು. ದನಿ ಮೆಲ್ಲಗೆ ಏರಿ ಒಂದು ಕಡೆ ನಿಂತಿತು, ಅಲುಗಾಡಲಿಲ್ಲ. ಕಬ್ಬಿಣದ ಕೆಂಪು ತುದಿಯಿಂದ ಬುಡಕ್ಕೆ ಹಬ್ಬಿತು.

“ಏ ಕಮ್ಮಾರಾ, ಬೆನ್ನು ಆಮ್ಯಾಲ ಕೆರಕೋ. ಕುಡಾ ತಗಿ, ಸುಟ್ಟೀತು!” ಅಂದರು ಗೌಡರು. ಎಲ್ಲರೂ ನಕ್ಕರು. ಮಾಸ್ತರರು ಎದ್ದು ಗೋಡೆಯ ಆಚೆ ಹೋಗಿ ತುಸು ಹೊತ್ತು ಯಾರಿಗೂ ಕಾಣದಂತೆ ನಿಂತು ಬಂದರು.

ಬಿತ್ತನೆ ಮುಗಿಯುವವರೆಗೂ ಯಂತ್ರ ಕೈಕೊಡಲಿಲ್ಲ. ನಮ್ಮ ಮನೆಯವರು ಮಾತಿಗೆ ತಪ್ಪಲಿಲ್ಲ. ಇದ್ದಲಿಯ ಚೀಲಗಳನ್ನು ಬಂಕಾಪುರದ ಇಸ್ತ್ರಿ ಅಂಗಡಿಯವರು ಬಂದು ಒಯ್ದರು. ಅಷ್ಟಾದರೂ ಮಾಸ್ತರರಿಗೆ ಸಮಾಧಾನವಿಲ್ಲ. ಬಂದವರೇ ಯಂತ್ರದ ಮೇಲೆ ಕೈಯಿಟ್ಟು ಬಿಸಿ ನೋಡುವುದು, ಆಮೇಲೆ ನನ್ನ ಕಡೆ ತಿರುಗಿ ಕೆಮ್ಮಿನ ವಿಚಾರ ಕೇಳುವುದು. ಒಣ ಕೆಮ್ಮೋ, ಕಫವೋ? ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೋ? ನಾನೂ ಅವರ ಬರವನ್ನೇ ಕಾಯುತ್ತಿದ್ದೆ. ಊರಲ್ಲಿ ಬೇರೆ ಯಾರಿಗೆ ಹೇಳಿದರೂ ‘ಹೋಗ್ತದ ಬಿಡವಾ’ ಅನ್ನುತ್ತಿದ್ದರು. ಮಾಸ್ತರರು ಹಾಗೆ ಅಂದವರಲ್ಲ. “ನೀವಿಬ್ರೂ ಕೂಡಿ ನನ್ನ ಎದಿಗೆ ಮೀಟರ್ ಹಚ್ಚಿ ಕುಂತೀರಿ,” ಅಂತ ನಮ್ಮ ಮನೆಯವರು ರೇಗುತ್ತಿದ್ದರು.

ಕೆಲವು ವರ್ಷಗಳ ಹಿಂದೆ, ಒಂದು ಚಳಿಗಾಲದಲ್ಲಿ ಮಾಸ್ತರರು ಹೋಗಿಬಿಟ್ಟರು. ಹೃದಯ ನಿಂತಿತಂತೆ. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಅವರ ಯಂತ್ರ ಆಮೇಲೆಯೂ ಬಹಳ ದಿನ ನಡೆಯಿತು. ಅದು ತೀರ ಹಳತಾದ ಮೇಲೆ ಅಂಗಡಿಯಿಂದ ಒಂದು ತಂದೆವು. ಈಗ ಸಣ್ಣವು ಸಿದ್ಧವಾಗಿಯೇ ಸಿಗುತ್ತವೆ. ಕೆಂಪಾದರೂ ಬೆಚ್ಚುವುದಿಲ್ಲ, ಕರೆಂಟು ಕುಸಿದರೂ ದಾರಿ ತಪ್ಪುವುದಿಲ್ಲ. ಅದರೊಳಗೂ ಅಂಥದೊಂದು ಕಿವಿ ಇರಲೇಬೇಕು. ಅದನ್ನು ಇಟ್ಟವರು ಯಾರೋ, ಎಲ್ಲಿಯವರೋ.

ತಂಗಿಯ ಮನೆಯಿಂದ ಬಂದ ಮುಂದಿನ ವಾರ ಹುಬ್ಬಳ್ಳಿಗೆ ಹೋಗಿದ್ದೆವು. ಡಾಕ್ಟರರು ಹೊಸ ಹಾಳೆಯನ್ನು ಹಳೆಯದರ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. “ಹೆಚ್ಚಾಗಿಲ್ಲ. ಎಷ್ಟಿತ್ತೋ ಅಷ್ಟಕ್ಕ ನಿಂತೇತಿ. ಆರು ತಿಂಗಳಿಗೆ ಮತ್ತ ಬರ್ರಿ,” ಅಂದರು.

ಶಿಗ್ಗಾವಿಯ ಮೇಲಿನ ಬಸ್ಸು. ಬಂಕಾಪುರದಲ್ಲಿ ನಿಂತಾಗ ನಮ್ಮ ಮನೆಯವರು ತಟ್ಟನೆ ಎದ್ದು ಬಾಗಿಲ ತನಕ ಹೋಗಿಬಿಟ್ಟರು.

“ಯಜಮಾನ್ರ, ಟಿಕೀಟ ಮುಂದಿಂದ ಐತಲ್ರಿ. ಇಲ್ಲೇ ಇಳೀತೀರೇನು?” ಅಂದ ಕಂಡಕ್ಟರ್.

ಅವರು ಸರಳು ಹಿಡಿದುಕೊಂಡು ಹೊರಗೆ ಮಾಸ್ತರರ ಮನೆಯ ಕಡೆ ನೋಡಿದರು. “ಇಲ್ಲಪಾ... ಹೇಳಿ ಹೋಗೂಣಂತ...” ಅಂದು ಹೊಳ್ಳಿ ಬಂದು ನನ್ನ ಪಕ್ಕ ಕೂತರು.

ಬಸ್ಸು ಹೊರಟಿತು. ಕಿಟಕಿಯಿಂದ ಧೂಳು ನುಗ್ಗಿ ಅವರು ಒಮ್ಮೆ ಕೆಮ್ಮಿದರು. ನಾನು ಬೆಚ್ಚಿ ಅವರ ಕಡೆ ತಿರುಗಿದೆ. ಆ ತುಂಬಿದ ಬಸ್ಸಿನಲ್ಲಿ ಬೇರೆ ಯಾರೂ ತಿರುಗಲಿಲ್ಲ.